ಗೋಡೆಯಾಚೆಯ ಬಾಣಂತನ

ಕಿತ್ತಳೆ ಹಣ್ಣು ತಿಂದ ಮೇಲೆ ಸಿಪ್ಪೆಯನ್ನು ನೀವು ಏನು ಮಾಡುತ್ತೀರೋ ನಾನರಿಯೆ. ನಾನಂತೂ ಎಸೆಯುವುದಿಲ್ಲ. ಒಳಗಿನ ಬಿಳಿ ನಾರನ್ನು ಉಗುರಿನಿಂದ ಕೆರೆದು, ಸೂಜಿದಾರದಲ್ಲಿ ಪೋಣಿಸಿ, ಮಾಳಿಗೆ ಮೇಲೆ ಬಟ್ಟೆ ಹರವುವ ತಂತಿಗೆ ಕಟ್ಟಿಬಿಡುತ್ತೇನೆ. ಮಗ್ಗುಲ ಮನೆಯವರು ಮೊದಮೊದಲು ಅದನ್ನು ದೃಷ್ಟಿ ತೆಗೆಯುವುದಕ್ಕೆ ಕಟ್ಟಿದ್ದೆಂದು ತಿಳಿದಿದ್ದರು. ನಮ್ಮ ಯಜಮಾನರು ಮನೆಗೆ ಬಂದವರಿಗೆಲ್ಲ, “ನಮ್ಮ ಮನೇಲಿ ವರ್ಷಪೂರ್ತಿ ತೋರಣ ಕಟ್ಟಿರ್ತದೆ ನೋಡ್ರಿ” ಎಂದು ಹೇಳಿ ನಗುತ್ತಾರೆ. ಹರಪನಹಳ್ಳಿ ಕಡೆಯ ಮಾತು, ನಗುವಾಗಲೂ ಸ್ವಲ್ಪ ಮೆತ್ತಗೆ.

ಒಣಗಿ ಕಂದಾದ ಆ ಸಿಪ್ಪೆಯನ್ನು ಕೆಮ್ಮು ಬಂದಾಗ ಶುಂಠಿಯ ಜೊತೆ ಕುದಿಸಿ ಕುಡಿಯುತ್ತೇನೆ. ಕೆಮ್ಮು ಹೋಗುತ್ತದೆಯೇ ಎಂದು ಕೇಳಬೇಡಿ. ಕೆಮ್ಮು ಬಂದಷ್ಟು ದಿನ ಇದ್ದು ತನ್ನ ಪಾಡಿಗೆ ತಾನು ಹೋಗುತ್ತದೆ. ಅಲ್ಲಿಯವರೆಗೆ ಕುಡಿಯುವುದಕ್ಕೆ ಬಿಸಿಯಾಗಿ, ಘಮಘಮವಾಗಿ ಏನಾದರೂ ಇದ್ದರೆ ಕೆಮ್ಮುವುದಕ್ಕೂ ಒಂದು ಹುರುಪು ಬರುತ್ತದೆ, ಅಷ್ಟೆ.

ಈ ಚಟ ನನಗೆ ಅಂಟಿದ್ದು ನನ್ನ ತವರೂರು ಕೊಟ್ಟೂರಿನಲ್ಲಿ, ಒಬ್ಬ ಚೀನೀ ಹೆಣ್ಣುಮಗಳಿಂದ. ಕೊಟ್ಟೂರಿಗೆ ಚೀನಾದವರು ಎಲ್ಲಿಂದ ಬಂದರು ಎಂದು ನೀವು ಹುಬ್ಬೇರಿಸುವುದು ನನಗೆ ಕಾಣುತ್ತಿದೆ. ಹೇಳುತ್ತೇನೆ. ಅದಕ್ಕೂ ಮೊದಲು ನಮ್ಮ ಅಜ್ಜಿಯ ಪೆಟ್ಟಿಗೆಯ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ರುಚಿಸುವುದಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಆಕೆಯ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಅದರ ಮುಚ್ಚಳ ತೆರೆದರೆ ಬೀದಿಯಲ್ಲಿ ಹೋಗುವವರಿಗೂ ಸೀನು ಬರಬೇಕು. ಬಜೆ, ಅಳಲೆಕಾಯಿ, ಹಿಪ್ಪಲಿ, ಓಂಕಾಳು, ಇಂಗು, ಹೆಸರೇ ಇಲ್ಲದ ಎಷ್ಟೋ ಬೇರುಗಳು. ನಮಗೆ ಹೊಟ್ಟೆನೋವು ಬಂದರೆ ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ನೋವಿಗಿಂತ ಆ ಪೆಟ್ಟಿಗೆಯ ಹೆದರಿಕೆ ದೊಡ್ಡದು. ಬೇಸಿಗೆ ರಜೆ ಮುಗಿಯುವ ಮುಂಚೆ ಮಕ್ಕಳನ್ನೆಲ್ಲ ಸಾಲಾಗಿ ಕೂಡಿಸಿ ಹರಳೆಣ್ಣೆ ಕುಡಿಸುವುದು ಅಜ್ಜಿಯ ವ್ರತ. ನಾನು ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಶಿವಾ ಎಂದು ನುಂಗಿ, ತಕ್ಷಣ ಬೆಲ್ಲ ಕಚ್ಚುತ್ತಿದ್ದೆ. ಈಗಲೂ ಯಾರಾದರೂ ಬೆಲ್ಲ ಕೊಟ್ಟರೆ ಒಂದು ಕ್ಷಣ ಅನುಮಾನದಿಂದ ನೋಡುತ್ತೇನೆ.

ಇಂಥ ಅಜ್ಜಿಯ ಮನೆಗೆ ಬಾಡಿಗೆಗೆ ಬಂದವನು ಚೆನ್ ಎಂಬ ಹಲ್ಲಿನ ವೈದ್ಯ. ಕಲ್ಕತ್ತಾ ಕಡೆಯಲ್ಲಿ ಹುಟ್ಟಿ ಬೆಳೆದ ಚೀನೀ ಮನೆತನದವನು. ಹುಬ್ಬಳ್ಳಿಯಲ್ಲಿ ಹಲ್ಲಿನ ಅಂಗಡಿ ಇಟ್ಟಿದ್ದ ಚಿಕ್ಕಪ್ಪನ ಕೈಕೆಳಗೆ ಕೆಲಸ ಕಲಿತು, ಮೊದಲು ಸಂತೆಯ ದಿನಕ್ಕಷ್ಟೇ ಕೊಟ್ಟೂರಿಗೆ ಬರುತ್ತಿದ್ದ. ಆಮೇಲೆ ಇಲ್ಲೇ ನಿಂತ. ನಮ್ಮ ಮನೆಯ ಮುಂದಿನ ಎರಡು ಅಂಕಣ, ಹಿಂದೆ ಒಂದು ಅಡುಗೆಮನೆ ಅವನಿಗೆ. ನಡುವೆ ಒಂದು ಮಣ್ಣಿನ ಗೋಡೆ, ಹಿತ್ತಲು ಮಾತ್ರ ಇಬ್ಬರಿಗೂ ಒಂದೇ. ಬಾಗಿಲ ಮೇಲೆ ದೊಡ್ಡ ಹಲ್ಲಿನ ಸೆಟ್ಟಿನ ಬೋರ್ಡು. ಊರವರು ಚೆನ್ ಎಂಬುದನ್ನು ಬಹಳ ದಿನ ಹಾಗೆ ಬಿಡಲಿಲ್ಲ. ಅವನು ಚೆನ್ನಪ್ಪ ಡಾಕ್ಟರು ಆದ.

ಮನೆ ಕೊಡುವಾಗಲೇ ಅಜ್ಜಿ ಒಂದು ಮಾತು ಕಟ್ಟಿದ್ದಳು. “ನೋಡಪಾ, ನಮ್ಮದು ಲಿಂಗಪೂಜಿ ಮನಿ. ಹೊರಗ ನೀ ಏನರ ತಿನ್ನು, ನಾ ಕೇಳಂಗಿಲ್ಲ. ಈ ಸೂರಿನ ಕೆಳಗ ಅವೆಲ್ಲ ಬೇಯಂಗಿಲ್ಲ.” ಚೆನ್ ಕೈಮುಗಿದು ಒಪ್ಪಿದ. ಮುಂದೆ ಅಜ್ಜಿಯ ಬಾಯಿಗೆ ಕಟ್ಟು ಹಲ್ಲು ಮಾಡಿಕೊಟ್ಟವನೂ ಅವನೇ. ಆ ಹಲ್ಲು ಬಂದ ಮೇಲೆ ಅಜ್ಜಿಯ ಮಾತಿಗೆ ಮೊನಚು ಬಂತು. ಅವನು ಕಟ್ಟಿದ ಹಲ್ಲಿನಿಂದಲೇ ಅವನನ್ನು ಬೈಯುತ್ತಿದ್ದಳು. ಹಿತ್ತಲಲ್ಲಿ ನೀರು ಚೆಲ್ಲಿದ್ದಕ್ಕೆ, ತುಳಸಿಯ ಹತ್ತಿರ ಬೂಟು ಇಟ್ಟಿದ್ದಕ್ಕೆ. ಅವನು ತಲೆ ತಗ್ಗಿಸಿ ನಿಂತು ಕೇಳಿ, ಕೊನೆಗೆ, “ಹಲ್ಲು ಛಲೋ ಕುಂತಾವ್ರಿ ಅಮ್ಮಾರ, ಮಾತು ಸ್ಪಷ್ಟ ಬರ್ತಾವು” ಎನ್ನುತ್ತಿದ್ದ.

ನನ್ನ ಮದುವೆಯಾಗಿ ನಾನು ಹರಪನಹಳ್ಳಿಗೆ ಹೋದ ವರ್ಷವೇ ಚೆನ್ ಕಲ್ಕತ್ತಾಕ್ಕೆ ಹೋಗಿ ಮದುವೆಯಾಗಿ ಬಂದ. ಹುಡುಗಿಯ ಹೆಸರು ಲೀಹ್ವಾ. ಊರು ಅದನ್ನು ಲೀಲಾ ಮಾಡಿತು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ನಾನು ಹಬ್ಬಕ್ಕೆ ತವರಿಗೆ ಬಂದಾಗ ಹಿತ್ತಲ ತಂತಿಯ ಮೇಲೆ ಕಿತ್ತಳೆ ಸಿಪ್ಪೆ ಪೋಣಿಸಿ ಕಟ್ಟುತ್ತಿದ್ದಳು. ನಾನು ಏನೆಂದು ಕೇಳಿದೆ. ಕನ್ನಡ ಇನ್ನೂ ಬರುತ್ತಿರಲಿಲ್ಲ. ಖೊಕ್ ಖೊಕ್ ಎಂದು ಕೆಮ್ಮಿ ತೋರಿಸಿ, ಸಿಪ್ಪೆ ತೋರಿಸಿ, ಕೆಮ್ಮು ನಿಂತವಳಂತೆ ಮುಖ ಅರಳಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಮ್ಮ ಸ್ನೇಹ ಶುರುವಾದದ್ದು ಹೀಗೆ, ಒಂದು ಸುಳ್ಳು ಕೆಮ್ಮಿನಿಂದ.

ಅಜ್ಜಿಗೂ ಅವಳಿಗೂ ಮಾತ್ರ ಮೊದಲು ಕೂಡಿಬರಲಿಲ್ಲ. ಸೇವಂತಿಗೆ ಹೂವನ್ನು ಒಣಗಿಸಿ, ಬಿಸಿನೀರಿಗೆ ಹಾಕಿ, ಆ ನೀರನ್ನು ಕಣ್ಣುರಿಗೆಂದು ಕುಡಿಯುವುದನ್ನು ಅಜ್ಜಿ ಕಂಡಳು. “ದೇವರ ತಲಿಮ್ಯಾಲ ಏರಿಸೋ ಹೂವು! ಅದನ್ನ ಕುದಿಸಿ ಕುಡೀತಾಳಲ್ಲೇ ಯವ್ವಾ!” ಎಂದು ಓಣಿಯವರೆಲ್ಲ ಕೇಳುವಂತೆ ಕೂಗಿದಳು. ಲೀಲಾ ಗಾಬರಿಯಾಗಿ ಲೋಟ ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳು ಸೀರೆ ಉಡುವುದನ್ನು ಆಗಷ್ಟೇ ಕಲಿತಿದ್ದಳು, ಆ ಸೆರಗೂ ಒದ್ದೆಯಾಯಿತು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾನು ಚೊಚ್ಚಲ ಹೆರಿಗೆಗೆ ಕೊಟ್ಟೂರಿಗೆ ಬಂದೆ. ಗೋಡೆಯಾಚೆ ಲೀಲಾಳದೂ ಅದೇ ಪರಿಸ್ಥಿತಿ. ನಾವಿಬ್ಬರೂ ಹಿತ್ತಲಲ್ಲಿ ಎದುರಾಬದುರು ನಿಂತು ನಮ್ಮ ನಮ್ಮ ಹೊಟ್ಟೆ ನೋಡಿಕೊಂಡು ನಗುತ್ತಿದ್ದೆವು. ಅವಳು ಮೊದಲು ಹಡೆದಳು, ಗಂಡು ಕೂಸು. ವಾರ ಒಪ್ಪತ್ತಿನಲ್ಲಿ ನಾನು ಹಡೆದೆ, ಹೆಣ್ಣು. ಇಬ್ಬರದೂ ಊರಿನ ಲೇಡಿ ಡಾಕ್ಟರ ಕೈಯಲ್ಲೇ ಆಯಿತು, ಸುಸೂತ್ರವಾಗಿ ಆಯಿತು.

ನನಗೆ ಬಾಣಂತನ ಮಾಡಲು ಅವ್ವ ಇದ್ದಳು, ಅವ್ವನ ಮೇಲೆ ಅಜ್ಜಿ ಇದ್ದಳು. ಲೀಲಾಳಿಗೆ ಯಾರೂ ಇರಲಿಲ್ಲ. ಕಲ್ಕತ್ತಾದಲ್ಲಿದ್ದ ಅವಳ ತಾಯಿಗೆ ಬರುವ ಆಸೆ ಬೆಟ್ಟದಷ್ಟು. ಆದರೆ ಚೀನಾದ ಜೊತೆ ಯುದ್ಧವಾದಾಗಿನಿಂದ ಆ ಜನ ಊರು ಬಿಟ್ಟು ಊರಿಗೆ ಹೋಗಬೇಕಾದರೆ ಪೊಲೀಸರ ಪರವಾನಗಿ ಬೇಕಿತ್ತಂತೆ. ಅರ್ಜಿ ಹಾಕಿದ್ದಳು, ಒಪ್ಪಿಗೆ ಬಂದಿರಲಿಲ್ಲ. ತನ್ನ ಬದಲು ಒಂದು ಪಾರ್ಸೆಲ್ ಕಳಿಸಿದ್ದಳು. ಸುಕ್ಕುಗಟ್ಟಿದ ಕೆಂಪು ಹಣ್ಣು, ಒಣದ್ರಾಕ್ಷಿಗಿಂತ ಸಣ್ಣ ಕೆಂಪು ಕಾಳು, ಒಂದು ದಪ್ಪ ಬೇರು.

ಚೆನ್ ಹಲ್ಲು ಕೀಳುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋಗಿ ಗಂಜಿ ಕಲಕುವುದನ್ನು ಅಜ್ಜಿ ನೋಡಿದಳು. “ಗಂಡಸು ಬಾಣಂತನ ಮಾಡೋದು ಇದ್ಯಾವ ಕಾಲಲೇ!” ಎಂದು ಸೆರಗು ಸಿಕ್ಕಿಸಿಕೊಂಡು ನೇರ ಅವರ ಮನೆಯೊಳಗೆ ನುಗ್ಗಿದಳು. ನುಗ್ಗಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕಿಟಕಿ ಮುಚ್ಚಿದೆ. ಲೀಲಾ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ಕಾಲಿಗೆ ಕಾಲುಚೀಲ. ಒಲೆಯ ಮೇಲೆ ಶುಂಠಿ ಕುದಿಯುತ್ತಿದೆ.

“ಇದೆಲ್ಲ ನಿನಗ ಯಾರು ಹೇಳಿಕೊಟ್ರಪಾ?” ಎಂದಳು ಅಜ್ಜಿ.

“ನಮ್ಮಲ್ಲೂ ಹಿಂಗರಿ ಅಮ್ಮಾರ. ಹಡದಾಕಿಗೆ ಗಾಳಿ ಸೋಕಬಾರದು. ಥಂಡಿ ತಿನ್ನಬಾರದು.”

“ಥಂಡಿ ಅಂದ್ರ ಯಾವುದು? ಹೇಳು ನೋಡೋಣ.”

ಅಲ್ಲೇ ಅವನಿಗೆ ಪರೀಕ್ಷೆ ಶುರುವಾಯಿತು. ಸೌತೆಕಾಯಿ? ಥಂಡಿ. ಶುಂಠಿ? ಉಷ್ಣ. ಹೆಸರುಕಾಳು? ಥಂಡಿ. ಮೆಣಸು? ಉಷ್ಣ. ಒಂದೊಂದಕ್ಕೂ ಅಜ್ಜಿಯ ಮುಖ ಅರಳುತ್ತ ಹೋಯಿತು. ನಮ್ಮ ಊರಿನ ಕಲಿತ ಹುಡುಗರಿಗೇ ಬಾರದ ಉತ್ತರಗಳು. ಪಾರ್ಸೆಲ್ಲಿನ ಬೇರನ್ನು ಮೂಸಿ, “ಇದು ನಮ್ಮ ಓಂಕಾಳಿನ ಅಣ್ಣ” ಎಂದು ತೀರ್ಪು ಕೊಟ್ಟಳು. ಕೆಂಪು ಹಣ್ಣನ್ನು ಹಿಸುಕಿ, “ಬಾರಿಹಣ್ಣು! ಇದನ್ನ ಕಲ್ಕತ್ತಾದಿಂದ ಕಳಸ್ಯಾಳಾ ನಿಮ್ಮತ್ತಿ? ನಮ್ಮ ಹೊಲದ ಬದುವಿನ್ಯಾಗ ಆಡು ತಿಂದು ಬಿಟ್ಟಿರ್ತಾವು” ಎಂದಳು. ಕೊನೆಗೆ ಶೇಂಗಾದ ಮೇಲೆ ಬಂದು ಎಡವಿತು. ಬಾಣಂತಿಗೆ ಶೇಂಗಾ ಒಳ್ಳೆಯದೆಂದು ಚೆನ್, ಶೇಂಗಾ ತಿಂದರೆ ಪಿತ್ತ ಏರುತ್ತದೆಂದು ಅಜ್ಜಿ. ಆ ಒಂದು ಪ್ರಶ್ನೆಗೆ ಅಂಕ ಕಳೆದು ಅವನನ್ನು ಪಾಸು ಮಾಡಿದಳು.

ಆದರೆ ನಿಜವಾದ ಜಗಳ ಹತ್ತಿದ್ದು ನೀರಿನ ಮೇಲೆ. ನಮ್ಮಲ್ಲಿ ಬಾಣಂತಿಗೆ ದಿನಾ ಎಣ್ಣೆ ತಿಕ್ಕಿ, ಕುದಿಕುದಿ ನೀರನ್ನು ತಲೆಯ ಮೇಲೆ ಸುರಿಯಬೇಕು. ಅವರಲ್ಲಿ ತಿಂಗಳು ತುಂಬುವವರೆಗೆ ತಲೆಗೆ ನೀರು ಮುಟ್ಟಿಸಬಾರದು. ಅಜ್ಜಿ ಹಂಡೆ ಕಾಯಿಸಿ ಕರೆಯಲು ಹೋದರೆ ಲೀಲಾ ಮಂಚದ ಕಾಲು ಹಿಡಿದುಕೊಂಡು ಅಲ್ಲಾಡಲಿಲ್ಲ.

“ತಿಂಗಳಾನುಗಟ್ಲೆ ತಲಿ ತೊಳೀಲಿಲ್ಲಂದ್ರ ಹೇನು ಮನಿ ಕಟ್ಟತಾವಲೇ!”

“ಬ್ಯಾಡ್ರಿ ಅಜ್ಜಿ. ನಮ್ಮವ್ವ ಬೈತಾಳ.”

“ನಿಮ್ಮವ್ವ ಎಲ್ಲಿ ಅದಾಳ?”

ಅಂದಮೇಲೆ ಅಜ್ಜಿಗೇ ಕಸಿವಿಸಿಯಾಯಿತು. ಆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಅಜ್ಜಿ ಹೊರಬಂದು, ಕಾಯಿಸಿದ ನೀರನ್ನು ಹಾಳು ಮಾಡಬಾರದೆಂದು ನನ್ನ ತಲೆಯ ಮೇಲೆ ಸುರಿದಳು. ಆ ದಿನ ನನಗೆ ಎರಡು ಬಾಣಂತಿಯರ ಪಾಲಿನ ನೀರು ಬಿತ್ತು.

ಇನ್ನು ನನ್ನ ಸ್ಥಿತಿ. ಕೊಟ್ಟೂರಿನ ಬಿಸಿಲು ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಕಾಗೆ ಕೂಡ ಬಾಯಿ ತೆರೆದುಕೊಂಡು ಕೂತಿರುತ್ತದೆ. ಅಂಥದರಲ್ಲಿ ನನ್ನ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ಮೈಮೇಲೆ ಕಂಬಳಿ. ತಿನ್ನಲು ಮೆಣಸು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಇತ್ತು. ಇಲ್ಲದ್ದು ಒಂದೇ, ನೀರು. ಬಾಣಂತಿ ನೀರು ಕುಡಿದರೆ ಹೊಟ್ಟೆ ಜೋಲುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ಅಜ್ಜಿಯ ಕಟ್ಟು. ಊಟದ ನಂತರ ಓಂಕಾಳು ಹಾಕಿ ಕಾಯಿಸಿದ ನೀರು, ಒಂದು ಸಣ್ಣ ಲೋಟ. ಅದರಲ್ಲೂ ಮುಕ್ಕಾಲು. ಲೇಡಿ ಡಾಕ್ಟರು ಚೆನ್ನಾಗಿ ನೀರು ಕುಡಿಯಿರಿ ಎಂದಿದ್ದನ್ನು ಅವ್ವ ನೆನಪಿಸಿದರೆ ಅಜ್ಜಿಯ ಉತ್ತರ ಸಿದ್ಧವಿತ್ತು. “ಆಕಿ ಎಷ್ಟು ಹಡದಾಳ ಕೇಳು.”

ನನಗೆ ಕನಸಿನಲ್ಲೂ ನೀರು. ತುಂಗಭದ್ರಾ ಡ್ಯಾಮಿನ ಗೇಟು ತೆಗೆದಂತೆ, ನಾನು ಕೆಳಗೆ ಬಾಯಿ ತೆರೆದು ನಿಂತಂತೆ. ಎದ್ದರೆ ನಾಲಿಗೆ ಚರ್ಮದ ತುಂಡು. ಹಾಗಿರುವಾಗಲೇ ನನ್ನ ಹಾಲು ಇಳಿಯುತ್ತ ಬಂತು. ಕೂಸು ಬಾಯಿಟ್ಟು, ಎರಡು ಸಲ ಎಳೆದು, ಬಿಟ್ಟು ಚೀರುತ್ತಿತ್ತು. ಅಜ್ಜಿ ಸಬ್ಬಸಿಗೆ ಸೊಪ್ಪು ತಿನ್ನಿಸಿದಳು, ಮೆಂತ್ಯೆಯ ಗಂಜಿ ಮಾಡಿಸಿದಳು, ಬಸವಣ್ಣನಿಗೆ ಹರಕೆ ಹೊತ್ತಳು. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಬಾಯಿಗೆ ಹಾಕಿದರು, ಕೂಸಿಗೆ ಭೇದಿ ಹತ್ತಿತು. ಡಾಕ್ಟರು ಔಷಧ ಕೊಟ್ಟು ಭೇದಿ ನಿಲ್ಲಿಸಿದರು. ಆದರೆ ಮಗುವಿನ ತೊಡೆಯ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು. ಭಾನುವಾರ ಹರಪನಹಳ್ಳಿಯಿಂದ ಬಂದ ಯಜಮಾನರು ಮಗಳನ್ನು ಎತ್ತಿಕೊಂಡು, ಆ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿ ನನ್ನ ಮಡಿಲಿಗೆ ಕೊಟ್ಟರು. ಸದಾ ನಗುವವರು ಅಂದು ನಗದಿದ್ದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಕೂಸಿನ ಅಳು ಸಣ್ಣದಾಗುತ್ತ ಬಂದಿತ್ತು. ಜೋರಾಗಿ ಅತ್ತಾಗ ಬೇಸರಪಡುತ್ತಿದ್ದ ನಾನು ಈಗ ಜೋರಾಗಿ ಅಳಲಿ ಎಂದು ಕಾಯುತ್ತಿದ್ದೆ.

ಮಣ್ಣಿನ ಗೋಡೆ ಎಷ್ಟೇ ದಪ್ಪವಿದ್ದರೂ ಕೂಸಿನ ಅಳುವನ್ನು ತಡೆಯುವುದಿಲ್ಲ. ಒಂದು ಮಧ್ಯಾಹ್ನ, ಅಜ್ಜಿ ಗುಡಿಗೆ ಹೋಗಿದ್ದಾಗ, ಹಿತ್ತಲ ಬಾಗಿಲಿನಿಂದ ಲೀಲಾ ಒಳಗೆ ಬಂದಳು. ತಲೆಗೆ ಬಟ್ಟೆ ಹಾಗೇ ಇತ್ತು. ಕೈಯಲ್ಲಿ ಮುಚ್ಚಿದ ದೊಡ್ಡ ಬಟ್ಟಲು.

“ಅಕ್ಕಾ, ಕುಡೀರಿ.”

ಮುಚ್ಚಳ ತೆಗೆದೆ. ಮೆತ್ತಗೆ ಬೆಂದ ಶೇಂಗಾ, ಅವಳ ತಾಯಿ ಕಳಿಸಿದ ಕೆಂಪು ಹಣ್ಣು, ಶುಂಠಿಯ ಹೋಳು, ನಮ್ಮ ಬೆಲ್ಲ. ಆದರೆ ನನ್ನ ಕಣ್ಣಿಗೆ ಅವು ಯಾವುವೂ ಕಾಣಲಿಲ್ಲ. ಕಂಡದ್ದು ನೀರು. ಬಟ್ಟಲಿನ ಕಂಠದವರೆಗೂ ತಿಳಿಯಾದ, ಬೆಚ್ಚನೆಯ, ಕೆಂಪು ಛಾಯೆಯ ನೀರು. ಅವ್ವನ ಮುಖ ನೋಡಿದೆ. ಅವ್ವ ಗೋಡೆಯ ಕಡೆ ತಿರುಗಿ ಬಟ್ಟೆ ಮಡಿಸತೊಡಗಿದಳು. ನಾನು ಬಟ್ಟಲೆತ್ತಿ ಕುಡಿದೆ. ಗುಟುಕು ಗುಟುಕಾಗಿ ಅಲ್ಲ, ಎತ್ತು ಕುಡಿದ ಹಾಗೆ. ಮೂಗು, ಗದ್ದ, ಕುಪ್ಪಸ ಎಲ್ಲ ತೋಯಿತು. ಮುಗಿದ ಮೇಲೆ ಬಟ್ಟಲು ಕೆಳಗಿಡಲು ಮನಸ್ಸಾಗದೆ ತಬ್ಬಿಕೊಂಡು ಕೂತೆ. ಲೀಲಾ ಅದನ್ನು ಬಿಡಿಸಿಕೊಂಡು ಹೋಗಿ, ಮತ್ತೆ ತುಂಬಿಸಿಕೊಂಡು ಬಂದಳು.

ಆಮೇಲೆ ಅಜ್ಜಿ ಗುಡಿಗೆ ಹೋದ ಹೊತ್ತಿಗೆಲ್ಲ ಲೀಲಾ ಬರುತ್ತಿದ್ದಳು. ಅವರ ಕಡೆ ಬಾಣಂತಿಗೆ ಕೋಳಿಯ ಸಾರು, ಮೊಟ್ಟೆ ಬೇಕೇ ಬೇಕಂತೆ. ನಮ್ಮ ಸೂರಿನ ಕೆಳಗೆ ಬೇಯಿಸಬಾರದೆಂಬ ಮಾತಿಗೆ ಕಟ್ಟುಬಿದ್ದು ಅವಳು ಅವೆಲ್ಲ ಬಿಟ್ಟು ಈ ಶೇಂಗಾದ ಮೇಲೇ ಬಾಣಂತನ ನಡೆಸಿಕೊಂಡಿದ್ದಳು. ಅಸಲು ಪದ್ಧತಿಯಲ್ಲಿ ಆ ಶೇಂಗಾದ ಜೊತೆ ಇನ್ನೇನು ಬೇಯುತ್ತದೆ ಎಂಬುದನ್ನು ಬಹಳ ವರ್ಷ ಕಳೆದ ಮೇಲೆ ನನ್ನ ಕಿವಿಯಲ್ಲಿ ಹೇಳಿದಳು. ಅಜ್ಜಿಗೆ ನಾವು ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.

ಒಂದು ದಿನ ಗುಡಿಯಲ್ಲಿ ಏನೋ ಜನಜಂಗುಳಿ ಎಂದು ಅಜ್ಜಿ ಬೇಗ ತಿರುಗಿ ಬಂದಳು. ನನ್ನ ಬಾಯಲ್ಲಿ ಬಟ್ಟಲು, ಮೊಣಕಾಲ ಬಳಿ ಲೀಲಾ.

ಅಜ್ಜಿ ಬಟ್ಟಲು ಇಣುಕಿ ನೋಡಿದಳು. ವಿಭೂತಿಯ ಹಣೆ ಗಂಟಿಕ್ಕಿತು. “ಶೇಂಗಾ! ಇಷ್ಟು ನೀರು! ಕೂಸಿನ್ನ ಕೊಲ್ಲಾಕ ನಿಂತೀರೇನಲೇ ಇಬ್ಬರೂ?”

ಜೋರಾಗಿ ಮಾತಾಡಿದರೇ ಬೆದರುತ್ತಿದ್ದ ಲೀಲಾ ಅಂದು ಮಾತ್ರ ಎದ್ದು ನಿಂತು, ತುಟಿಯ ಮೇಲೆ ಬೆರಳಿಟ್ಟಳು. “ಅಜ್ಜಿ, ಸುಮ್ಮನಿರ್ರಿ. ಕೂಸು ಕೇಳ್ರಿ.”

ಮಗಳು ನನ್ನ ಎದೆಗೆ ಹತ್ತಿದ್ದಳು. ಆಗ ಕೇಳಿಸಿತು. ಗುಟುಕ್, ಗುಟುಕ್ ಎಂದು ಹಾಲು ಗಂಟಲಲ್ಲಿ ಇಳಿಯುವ ಸದ್ದು. ನಡುವೆ ಉಸಿರು ತೆಗೆದುಕೊಳ್ಳಲು ಬಿಡುವು ಸಿಗದೆ ನೆತ್ತಿಗೇರಿ ಕೆಮ್ಮಿದಳು, ಮತ್ತೆ ಹತ್ತಿದಳು. ತುಟಿಯ ಅಂಚಿನಿಂದ ಬಿಳಿಯ ಹನಿ ಇಳಿದು ನನ್ನ ಕೈಮೇಲೆ ಬಿತ್ತು.

ಅಜ್ಜಿ ಮಂಚದ ಹತ್ತಿರವೇ ನೆಲದ ಮೇಲೆ ಕೂತಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳತೊಡಗಿದಳು.

“ನನಗ ಮೊದಲು ಗಂಡು ಹುಟ್ಟಿತ್ತು. ಇಟ್ಟಿಗಿ ಊರಾಗ, ನನ್ನ ತವರಮನ್ಯಾಗ. ಇಂಥಾದ ಬ್ಯಾಸಗಿ. ಗಂಟಲು ಒಣಗಿ ಜೀವ ಹೋದಂಗಾತು. ಯಾರೂ ಇಲ್ಲದ ಹೊತ್ತಿನ್ಯಾಗ ಎದ್ದು ಹೋಗಿ, ಹರವಿಯಾಗಿನ ತಣ್ಣೀರು ಮೊಗದು ಕುಡದ್ನಿ. ಹೊಟ್ಟಿ ತುಂಬ ಕುಡದ್ನಿ. ಮುಂದ ಕೂಸಿಗೆ ಜ್ವರ ಬಂತು. ಹೋತು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನೀರು ಕುಡದು ಮಗನ್ನ ತಿಂದ್ಲು ಅಂದ್ರು. ನಮ್ಮತ್ತಿ ಅಂದ್ಲು. ನಮ್ಮವ್ವನೂ ಅಂದ್ಲು.”

ಅಪ್ಪನಿಗಿಂತ ಮುಂಚೆ ಅಜ್ಜಿಗೆ ಒಬ್ಬ ಮಗ ಇದ್ದನೆಂಬುದು ನನಗೆ ಗೊತ್ತಿರಲಿಲ್ಲ. ದನಿ ಕೇಳಿ ಬಾಗಿಲಿಗೆ ಬಂದಿದ್ದ, ಇಷ್ಟು ವರ್ಷ ಸೊಸೆಯಾಗಿದ್ದ ಅವ್ವನಿಗೂ ಗೊತ್ತಿರಲಿಲ್ಲ. ಮುಕ್ಕಾಲು ಲೋಟ ನೀರು ಅಳೆದು ಕೊಡುವಾಗ ಆ ಕೈ ಏಕೆ ಅಷ್ಟು ಬಿಗಿಯಾಗಿರುತ್ತಿತ್ತು ಎಂದು ನಮಗೆ ಅಂದು ತಿಳಿಯಿತು.

ಲೀಲಾಳಿಗೆ ಆ ಮಾತುಗಳಲ್ಲಿ ಎಷ್ಟು ಅರ್ಥವಾಯಿತೋ. ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪದಕ್ಕೆ ಪದ ಹುಡುಕಿ ಹೇಳಿದಳು. “ಅಜ್ಜಿ, ನೀರು ಮಾಡಿಲ್ರಿ. ಕೂಸಿಗೆ ಜ್ವರ ಬರ್ತೈತಿ. ಯಾರಿಗಾದ್ರೂ ಬರ್ತೈತಿ. ನೀರು ಮಾಡಿಲ್ಲ. ನೀವೂ ಮಾಡಿಲ್ಲ.”

ಅಜ್ಜಿ ಅವಳನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ಆಕೆಗೆ ಹೇಳಿದವರು ಯಾರೂ ಇರಲಿಲ್ಲ, ಏಕೆಂದರೆ ಕೇಳಿದವರೇ ಇರಲಿಲ್ಲ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟಲಿನ ತಳದಲ್ಲಿ ಉಳಿದಿದ್ದನ್ನು ಬೆರಳಿನಿಂದ ನೆಕ್ಕಿ ನೋಡಿದಳು.

“ಬೆಲ್ಲ ಕಡಿಮಿ ಆಗೈತಿ” ಎಂದಳು.

ಅಂದಿನಿಂದ ನನ್ನ ಮಂಚದ ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರಿನ ತಂಬಿಗೆ ಬಂತು, ಕೆಂಡದ ಅಗ್ಗಿಷ್ಟಿಕೆ ಹೊರಗೆ ಹೋಯಿತು. ಮಗಳ ತೊಡೆಯ ಮಡಿಕೆ ತುಂಬಿಕೊಂಡಿತು. ಶೇಂಗಾದಿಂದ ಹಾಲು ಬಂತೋ, ಕಲ್ಕತ್ತಾದ ಬಾರಿಹಣ್ಣಿನಿಂದ ಬಂತೋ ಎಂದು ಮುಂದೊಮ್ಮೆ ಲೇಡಿ ಡಾಕ್ಟರನ್ನು ಕೇಳಿದೆ. ಅವರು ನಕ್ಕು, “ನೀರಿನಿಂದ ಬಂತು ಕಣಮ್ಮ” ಎಂದರು. ಇರಬಹುದು. ಆದರೆ ಬರೀ ನೀರನ್ನು ನಮ್ಮ ಮನೆಯೊಳಗೆ ಯಾರು ತರಲು ಬಿಡುತ್ತಿದ್ದರು? ಅದಕ್ಕೆ ಶೇಂಗಾ, ಶುಂಠಿಯ ವೇಷ ಬೇಕಾಗಿತ್ತು.

ಅಜ್ಜಿ ಬಟ್ಟಲು ನೆಕ್ಕಿ ನೋಡಿದ ಮಾರನೆಯ ದಿನವೇ ಲೀಲಾ ತಾನಾಗಿಯೇ ನಮ್ಮ ಬಚ್ಚಲ ಬಾಗಿಲಲ್ಲಿ ಬಂದು ನಿಂತಳು. ತಲೆಯ ಬಟ್ಟೆ ಬಿಚ್ಚಿದ್ದಳು. “ಅಜ್ಜಿ, ನೀರು ಹಾಕ್ರಿ” ಎಂದಳು. ಅವಳ ತಿಂಗಳು ಇನ್ನೂ ತುಂಬಿರಲಿಲ್ಲ. ಅಜ್ಜಿ ಏಕೆ, ಏನು ಎಂದು ಕೇಳಲಿಲ್ಲ. ಹರಳೆಣ್ಣೆ ಬಿಸಿ ಮಾಡಿ ನೆತ್ತಿಗೆ ತಟ್ಟಿ, ಸೀಗೆಪುಡಿ ಹಚ್ಚಿ, ಹದ ನೋಡಿ ನೋಡಿ ನೀರು ಸುರಿದಳು. ಲೋಬಾನದ ಹೊಗೆಯಲ್ಲಿ ಕೂದಲು ಆರಿಸಿದಳು. ಹೊಗೆಯ ನಡುವೆ ಲೀಲಾ ಕೂತಲ್ಲೇ ತೂಕಡಿಸಿ ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟಳು. ಅಜ್ಜಿ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ಅವಳ ತಾಯಿಗೆ ಕೊನೆಗೂ ಪರವಾನಗಿ ಸಿಕ್ಕಿತು. ಅಷ್ಟೊತ್ತಿಗೆ ಮಕ್ಕಳಿಬ್ಬರೂ ನಮ್ಮ ಪಡಸಾಲೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತ ಅಂಬೆಗಾಲಿಡುತ್ತಿದ್ದರು. ನಾನು ದೀಪಾವಳಿಗೆ ಬಂದಿದ್ದೆ. ಹೊಸಪೇಟೆಯಿಂದ ಬರುವ ರೈಲಿನಲ್ಲಿ ಕೊಟ್ಟೂರಿಗೆ ಬಂದಿಳಿದ ಆಕೆಯನ್ನು ಚೆನ್ ಜಟಕಾದಲ್ಲಿ ಕರೆತಂದ. ಸಣ್ಣ ಮೈಕಟ್ಟಿನ, ನೆಟ್ಟಗೆ ನಿಲ್ಲುವ ಹೆಂಗಸು. ನರೆತ ಕೂದಲನ್ನು ಬಿಗಿದು ಹಿಂದೆ ಗಂಟು ಕಟ್ಟಿದ್ದಳು. ಮಗಳನ್ನು ಅಪ್ಪಿಕೊಂಡು ಅತ್ತದ್ದಾಯಿತು, ಮೊಮ್ಮಗನನ್ನು ಎತ್ತಿದ್ದಾಯಿತು. ಆಮೇಲೆ ನಮ್ಮ ಪಡಸಾಲೆಯಲ್ಲಿ ಕೂತು ಮಗಳನ್ನು ಒಂದೊಂದಾಗಿ ವಿಚಾರಿಸತೊಡಗಿದಳು. ಅವರ ಭಾಷೆ ನಮಗೆ ಗೊತ್ತಿಲ್ಲ, ಆದರೆ ವಿಚಾರಣೆ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಒಂದು ಪ್ರಶ್ನೆಗೆ ಲೀಲಾ ತಲೆ ತಗ್ಗಿಸಿ ಅಜ್ಜಿಯ ಕಡೆ ಕೈ ತೋರಿಸಿದಳು. ತಾಯಿಯ ಮುಖ ಬಿಗಿಯಿತು. ಅಜ್ಜಿಯತ್ತ ತಿರುಗಿ ಒಂದೇ ಉಸಿರಿಗೆ ಏನೇನೋ ಹೇಳಿದಳು.

“ಏನಂತಾಳಲೇ?” ಎಂದು ಅಜ್ಜಿ ಲೀಲಾಳನ್ನು ಕೇಳಿದಳು.

“ತಿಂಗಳು ತುಂಬೂಕಿಂತ ಮೊದಲು ತಲಿಗೆ ನೀರು ಯಾಕ ಹಾಕಿದ್ರಿ ಅಂತಾಳ್ರಿ. ವಯಸ್ಸಾದ ಮ್ಯಾಲ ತಲಿನೋವು ಬರ್ತೈತಂತ.”

“ಹಂಗೇನು? ನಾ ಎಷ್ಟು ಮಂದಿ ಬಾಣಂತ್ಯಾರಿಗೆ ನೀರು ಹಾಕೀನಿ, ಯಾರಿಗೆ ಬಂದೈತಿ ಕೇಳು. ನಿಮ್ಮವ್ವ ಪದ್ಧತಿ ಪ್ರಕಾರ ನಡಕೊಂಡಾಳಲ್ಲ, ಆಕಿಗೆ ತಲಿನೋವು ಇಲ್ಲೇನು ಕೇಳು.”

ಲೀಲಾ ಹಿಂದೆಮುಂದೆ ನೋಡಿ ಕೇಳಿದಳು. ತಾಯಿ ಹಣೆಗೆ ಕೈ ಒತ್ತಿಕೊಂಡಳು. ಸಿಟ್ಟು ಇಳಿದುಹೋಗಿತ್ತು. ನಿಧಾನವಾಗಿ, ನೆಲ ನೋಡುತ್ತ ಹೇಳಿದಳು. ಲೀಲಾ ಅದನ್ನು ನಮಗೆ ಕನ್ನಡದಲ್ಲಿ ಹೇಳುವಾಗ ಅವಳ ದನಿಯೂ ಇಳಿದಿತ್ತು.

“ಐತಂತ ಅಜ್ಜಿ. ಯುದ್ಧದ ವರ್ಷದಿಂದ ಐತಂತ. ಆವಾಗ ನಾ ಸಣ್ಣಾಕಿ. ನನ್ನ ತಮ್ಮ ಹುಟ್ಟಿ ವಾರ ಆಗಿತ್ತು. ಚೀನಾದವ್ರು ಅಂತ ಪೊಲೀಸ್ರು ನಮ್ಮ ಮಂದಿನ್ನ ಮನಿ ಬಿಡಿಸಿ, ರೈಲು ಹತ್ತಿಸಿ, ದೂರ ಮರಳುಗಾಡಿನ ಕ್ಯಾಂಪಿನ್ಯಾಗ ಇಟ್ರು. ಥಂಡಿ ದಿನ. ರೈಲಿನ ಗಾಳಿ. ಬಿಸಿನೀರು ಇಲ್ಲ, ಶುಂಠಿ ಇಲ್ಲ. ಅವತ್ತು ಹತ್ತಿದ ತಲಿನೋವು ಇವತ್ತಿಗೂ ಹೋಗಿಲ್ಲಂತ.”

“ಕೂಸು?” ಎಂದಳು ಅಜ್ಜಿ.

“ಅದಾನ್ರಿ. ಕಲ್ಕತ್ತಾದಾಗ ಚಪ್ಪಲಿ ಅಂಗಡ್ಯಾಗ ಕೆಲಸ ಮಾಡ್ತಾನ.”

“ಉಳೀತಲ್ಲ” ಎಂದಳು ಅಜ್ಜಿ. ಅಷ್ಟೇ ಹೇಳಿ, ನೆಲಕ್ಕೆ ಕೈಯೂರಿ ಎದ್ದಳು. ಅಡುಗೆಮನೆಯ ಕಡೆ ತಿರುಗಿ ಅವ್ವನನ್ನು ಕೂಗಿದಳು. “ಹಂಡೇಕ ನೀರು ತುಂಬಿ ಉರಿ ಹಚ್ಚು. ಈಕಿ ಬಾಣಂತನ ಅರ್ಧಕ್ಕ ನಿಂತೈತಿ.”

ನಾನೂ ಲೀಲಾಳೂ ಮುಖ ಮುಖ ನೋಡಿಕೊಂಡೆವು. ಆ ತಾಯಿಗೆ ಐವತ್ತು ದಾಟಿತ್ತು. ಲೀಲಾ ಅಜ್ಜಿಯ ಮಾತನ್ನು ಹೇಗೆ ಹೇಳಿದಳೋ, ಏನೆಂದು ಹೇಳಿದಳೋ, ಆಕೆ ಮೊದಲು ನಂಬದವಳಂತೆ ನೋಡಿದಳು, ಒಮ್ಮೆ ನಕ್ಕಳು, ಆಮೇಲೆ ನಗು ನಿಂತಿತು. ಅಜ್ಜಿ ಎಣ್ಣೆಯ ಬಟ್ಟಲು ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಲೀಲಾಳ ತಾಯಿ ಎದ್ದು ಹೋಗಿ ಅಜ್ಜಿಯ ಮುಂದೆ, ಅಜ್ಜಿಗೆ ಬೆನ್ನು ಮಾಡಿ, ನೆಲದ ಮೇಲೆ ಕೂತಳು. ಎರಡೂ ಕೈ ಹಿಂದೆ ತಂದು, ಕೂದಲ ಗಂಟಿನ ಸೂಜಿಯನ್ನು ತಾನೇ ಎಳೆದಳು.